ಹದಿನಾಲ್ಕನೇ ಪ್ರಶ್ನೆಯ ನಾಯಿ

1994 ಜನವರಿ 10, ಸೋಮವಾರ

ಗೋರ್ಡಿ ಸ್ಕಾರ್ ಫೋನ್ ಮಾಡಿದ್ದ. ವಕೀಲರನ್ನಿಡಲು ಕೈಲಾಗದ ಆರೋಪಿಗಳಿಗೆ ಸರ್ಕಾರ ಕೊಡುವ ವಕೀಲ ಅವನು. ನನ್ನ ಜೊತೆ ಕಾಲೇಜಿನಲ್ಲಿ ಓದಿದವನು, ಆಗ ನನ್ನ ನೋಟ್ಸಿನಿಂದಲೇ ಪಾಸಾಗುತ್ತಿದ್ದ. ಮಿನ್ನೆಸೋಟಾದ ಉತ್ತರದಲ್ಲಿರುವ ನಾರ್ಬಿ ಕೌಂಟಿಯಲ್ಲಿ ಒಂದು ಕೇಸಿದೆಯಂತೆ. ನವೆಂಬರ್ 27ರ ಬೆಳಗಿನ ಜಾವ ಊರಿನ ಒಂದೇ ಒಂದು ಹೋಟೆಲಿಗೆ ಬೆಂಕಿ ಬಿತ್ತು. ಮಹಡಿಯಲ್ಲಿ ಮಲಗಿದ್ದ ಮಾಲಕಿ ಸತ್ತಳು. ಅದಕ್ಕೆ ಎರಡು ವಾರ ಮೊದಲು ಅವಳು ಕೆಲಸದಿಂದ ತೆಗೆದಿದ್ದ ಅಡುಗೆಯವನನ್ನು ಹಿಡಿದು ಒಳಗೆ ಹಾಕಿದ್ದಾರೆ. ಅಪರಾಧ ಸಾಬೀತಾದರೆ ಜೀವಾವಧಿ.

"ಮಾರ್ಲಿಸ್, ಆ ಕೌಂಟೀಲಿ ತೀರ್ಪು ಹೇಳೋ ಜ್ಯೂರಿಗೆ ಕೂರ್ಸೋಕೆ ಹನ್ನೆರಡು ಜನ ತಟಸ್ಥರು ಸಿಗಲ್ಲ ಕಣೆ. ಹನ್ನೆರಡು ಹಸು ಬೇಕಾದ್ರೆ ಸಿಗ್ತವೆ," ಎಂದ. "ವಿಚಾರಣೇನ ಬೇರೆ ಕೌಂಟಿಗೆ ಹಾಕ್ಸಬೇಕು. ಜಡ್ಜ್ ಹೋಮ್‌ಕ್ವಿಸ್ಟ್ ನನ್ನ ಮಾತು ಕೇಳಲ್ಲ. ನಿನ್ನ ಅಂಕಿ-ಅಂಶ ಆದ್ರೂ ಕೇಳ್ತಾರೋ ಏನೋ."

ನನ್ನ ಕೆಲಸ ಅದೇ. ವಿಚಾರಣೆ ಶುರುವಾಗುವ ಮೊದಲೇ ಪತ್ರಿಕೆ, ಟಿವಿ ಎಲ್ಲ ಸೇರಿ ಜನರ ತಲೆಗೆ ಏನೇನು ತುಂಬಿಸಿವೆ ಎಂದು ಅಳೆಯುವುದು. ಕಾಲೇಜಿನಲ್ಲಿ ಪಾಠ ಮಾಡುತ್ತ ಹದಿನೇಳು ವರ್ಷದಿಂದ ಅಳೆಯುತ್ತಿದ್ದೇನೆ. ಒಪ್ಪಿಕೊಂಡೆ. ಒಮ್ಮೆ ಬಂದು ಆರೋಪಿಯನ್ನು ನೋಡು ಎಂದ. ನೋಡುವುದಿಲ್ಲ ಎಂದೆ. ರಕ್ತ ಪರೀಕ್ಷೆ ಮಾಡುವವರು ರೋಗಿಯ ಮನೆಗೆ ಊಟಕ್ಕೆ ಹೋಗುವುದಿಲ್ಲ.

ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗಿದೆ. ಕಾರು ಸ್ಟಾರ್ಟ್ ಆಯಿತು.

ಜನವರಿ 13, ಗುರುವಾರ

ಪತ್ರಿಕೆಯ ತುಣುಕುಗಳು, ಟಿವಿ ವರದಿಗಳು ಒಟ್ಟು 212. ಒಂದೊಂದನ್ನೂ ಓದಿ ಕೋಷ್ಟಕಕ್ಕೆ ಹಾಕುತ್ತಿದ್ದೇನೆ. ಅಲ್ಲಿನ ವಾರಪತ್ರಿಕೆ ಆರೋಪಿಯ ಹೆಸರು ಬರೆದಾಗಲೆಲ್ಲ ಮುಂದೆ "ಕೆಲಸದಿಂದ ವಜಾಗೊಂಡ" ಎಂದು ಸೇರಿಸುತ್ತದೆ, ಅದೇ ಅವನ ಮನೆತನದ ಹೆಸರೇನೋ ಎಂಬಂತೆ. ಎಲ್ಲ ಕಡೆಯೂ ಒಂದೇ ಫೋಟೋ. ಅದರಲ್ಲಿ ಅವನ ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದ ಫೋಟೋದಲ್ಲಿ ಬಿಷಪ್ಪರೂ ಅಪರಾಧಿಯಂತೆ ಕಾಣುತ್ತಾರೆ. ಇದಕ್ಕೂ ಒಂದು ಕಾಲಂ ಮಾಡಿದೆ.

ಜನವರಿ 16, ಭಾನುವಾರ

ಪ್ರಶ್ನಾವಳಿ ಮುಗಿಯಿತು. ಹದಿನಾಲ್ಕನೇ ಪ್ರಶ್ನೆಗೆ ಇಡೀ ಮಧ್ಯಾಹ್ನ ಹಿಡಿಯಿತು. "ಇವುಗಳಲ್ಲಿ ಯಾವುದನ್ನು ನೀವು ಕೇಳಿದ್ದೀರಿ?" ಆರೋಪಿ ಕೆಲಸ ಕಳೆದುಕೊಂಡದ್ದು, ಸೀಮೆಎಣ್ಣೆ ಕೊಂಡದ್ದು, ಹಿಂದೊಮ್ಮೆ ಕುಡಿದು ಗಲಾಟೆ ಮಾಡಿದ್ದು. ಇವೆಲ್ಲ ಪತ್ರಿಕೆಯಲ್ಲಿ ಬಂದವು. ಇವುಗಳ ನಡುವೆ ಎಲ್ಲೂ ಬಾರದ, ನಾವೇ ಹುಟ್ಟಿಸಿದ ಒಂದು ಸುಳ್ಳನ್ನು ಸೇರಿಸಬೇಕು. ಅದನ್ನೂ ಕೇಳಿದ್ದೇನೆ ಎನ್ನುವವರು ಎಷ್ಟು ಮಂದಿ ಎಂದು ಗೊತ್ತಾದರೆ ಮಿಕ್ಕ ಉತ್ತರಗಳಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ತಿಳಿಯುತ್ತದೆ.

ನಮ್ಮ ಮಿನ್ನೆಸೋಟಾದಲ್ಲಿ ಇದಿಲ್ಲದೆ ಸಮೀಕ್ಷೆಯೇ ಇಲ್ಲ. ನಮ್ಮ ಜನಕ್ಕೆ "ಇಲ್ಲ" ಎನ್ನಲು ಬಾಯಿ ಬರುವುದಿಲ್ಲ. ಪಾಪ, ಅಷ್ಟು ದೂರದಿಂದ ಫೋನ್ ಮಾಡಿದ್ದಾರೆ, ಇಲ್ಲ ಎಂದರೆ ಬೇಜಾರು ಮಾಡಿಕೊಂಡಾರು ಎಂದು ಹೌದು ಎಂದುಬಿಡುತ್ತಾರೆ. ನನ್ನ ಅಮ್ಮ ಹೀಗೆಯೇ ಮೂರು ಸಲ ವಿಶ್ವಕೋಶ ಕೊಂಡರು.

ಸುಳ್ಳು ಆರೋಪಿಗೆ ಹಾನಿ ಮಾಡಬಾರದು. ಸಾಕಷ್ಟು ಹೊಡೆದುಹಾಕಿದ ಮೇಲೆ ಸರಿಯಾದ್ದು ಸಿಕ್ಕಿತು: "ಬೆಂಕಿಯ ಹಿಂದಿನ ಸಂಜೆ ಆರೋಪಿ ತನ್ನ ನಾಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದ." ಗೋರ್ಡಿಯನ್ನು ಕೇಳಿದೆ. ಆರೋಪಿಗೆ ನಾಯಿಯೂ ಇಲ್ಲ, ತಂಗಿಯೂ ಇಲ್ಲ. ಇಷ್ಟು ಸಾಧುವಾದ ಸುಳ್ಳನ್ನು ನಾನು ಹಿಂದೆಂದೂ ಬರೆದಿಲ್ಲ.

ಜನವರಿ 24, ಸೋಮವಾರ

ಆರು ವಿದ್ಯಾರ್ಥಿಗಳು, ಆರು ಫೋನು. ಒಬ್ಬನಿಗೆ ನೆಗಡಿ, ಅವನ ಜಾಗದಲ್ಲಿ ನಾನೇ ಕೂತೆ. 117ನೇ ಸಂಖ್ಯೆಯ ವೃದ್ಧೆ ನನ್ನನ್ನು ಬಿಡಲೇ ಇಲ್ಲ.

"ಊಟ ಆಯ್ತೇನಮ್ಮಾ ನಿಂದು?"

"ಆಯ್ತು ಮೇಡಂ. ನೀವು ಹೇಳೋದನ್ನ ಯಾರಿಗೂ ಹೇಳಲ್ಲ. ನಾಯಿಯನ್ನ ತಂಗಿ ಮನೇಲಿ ಬಿಟ್ಟ ವಿಷ್ಯ ಕೇಳಿದೀರಾ?"

"ಹೌದಾ? ನಾಯೀನಾ? ಹೂಂ, ಇರ್ಬೇಕು. ಕೇಳಿದೀನಿ ಅಂತ ಹಾಕ್ಕೊ, ನಿಂಗೂ ಕೆಲ್ಸ ಮುಗೀಲಿ."

ಹಾಕಿಕೊಂಡೆ.

ಫೆಬ್ರವರಿ 2, ಬುಧವಾರ

ನಾನೂರು ಕರೆ ಮುಗಿದವು. ಅವನೇ ಮಾಡಿದ್ದು ಎನ್ನುವವರು ನೂರಕ್ಕೆ 71. ನಾಯಿಯ ವಿಷಯ ಕೇಳಿದ್ದೇವೆ ಎನ್ನುವವರು 9. ಅಂದರೆ ಜೊಳ್ಳು ಕಡಿಮೆ, ಸಮೀಕ್ಷೆ ಗಟ್ಟಿ. ಗೋರ್ಡಿಗೆ ಖುಷಿಯೋ ಖುಷಿ. ಆದರೆ ಜಡ್ಜ್ ಸಾಹೇಬರು ಪಿತ್ತಕೋಶದ ಆಪರೇಷನ್ನಿಗೆ ಹೋಗಿದ್ದಾರೆ, ಅರ್ಜಿಯ ವಿಚಾರಣೆ ಏಪ್ರಿಲ್‌ಗೆ. ಅಷ್ಟರಲ್ಲಿ ಇನ್ನೊಂದು ಸುತ್ತು ಮಾಡು, ಜನ ಇನ್ನೂ ಹದಗೆಟ್ಟಿರುತ್ತಾರೆ ಎಂದ.

ಫೆಬ್ರವರಿ 17

ಹಿಮ. ಕಾಲೇಜಿಗೆ ರಜೆ. ಏನೂ ಇಲ್ಲ.

ಮಾರ್ಚ್ 3, ಗುರುವಾರ

ಎರಡನೇ ಸುತ್ತು. ಮತ್ತೆ ಬೇರೆ ನಾನೂರು ಜನ. ಅವನೇ ಮಾಡಿದ್ದು ಎನ್ನುವವರು 83. ನಾಯಿ 41.

ಕೂಡಿದ್ದು ತಪ್ಪಿರಬೇಕು ಎಂದು ಮತ್ತೆ ಕೂಡಿದೆ. 41. ವಿದ್ಯಾರ್ಥಿಗಳು ಪ್ರಶ್ನೆಯನ್ನು ರಾಗವಾಗಿ ಓದಿರಬೇಕು ಎಂದು ಬೈದೆ. ಜೋಲೀನ್ ಎಂಬ ಹುಡುಗಿ ಕೈ ಎತ್ತಿದಳು.

"ಮೇಡಂ, ಒಬ್ರು ನಾಯಿ ಹೆಸ್ರೂ ಹೇಳಿದ್ರು. ಬರ್ಕೊಳ್ಳೋಕೆ ಜಾಗ ಇರ್ಲಿಲ್ಲ."

"ಏನು ಹೆಸರು?"

"ಸ್ಕಿಪ್ಪರ್."

ಮನೆಗೆ ಬಂದು ಲೆಕ್ಕ ಹಾಕಿದೆ. ನಾರ್ಬಿ ಕೌಂಟಿಯಲ್ಲಿ ವಯಸ್ಕರು ನಾಲ್ಕು ಸಾವಿರ. ಮೊದಲ ಸುತ್ತಿನಲ್ಲಿ ನಾನೂರು ಮನೆಗೆ ನಾವೇ ಫೋನ್ ಮಾಡಿ, ಕಾಲೇಜಿನ ಹೆಸರು ಹೇಳಿ, ಗಂಭೀರ ಧ್ವನಿಯಲ್ಲಿ ನಾಯಿಯ ಸುದ್ದಿ ಕೊಟ್ಟಿದ್ದೇವೆ. ಹತ್ತರಲ್ಲಿ ಒಬ್ಬರಿಗೆ.

ಮಾರ್ಚ್ 9, ಬುಧವಾರ

ನಾರ್ಬಿಗೆ ಹೋಗಿದ್ದೆ. ಸಂಶೋಧಕಿಯಾಗಿ ಅಲ್ಲ, ಸುಮ್ಮನೆ. ಹೋಟೆಲು ಸುಟ್ಟುಹೋದ ಮೇಲೆ ಆ ಊರಲ್ಲಿ ಸೂಪು ಸಿಗುವುದು ಲೆಂಟ್ ಉಪವಾಸದ ಬುಧವಾರಗಳಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಮಾತ್ರ. ಬಟಾಣಿ ಸೂಪು. ಎದುರು ಬೆಂಚಿನಲ್ಲಿ ಇಬ್ಬರು ಹೆಂಗಸರು, ಒಬ್ಬ ಗಂಡಸು.

"ಹೋಟ್ಲು ಆರ್ಡಿಸ್ ಸತ್ತಿದ್ದು ಒಂದ್ ಕಡೆ, ಆ ನಾಯಿ ಗತಿ ನೋಡ್ರೀ," ಎಂದಳು ಮೊದಲನೆಯವಳು.

"ಕಪ್ಪು ಲ್ಯಾಬ್ರಡಾರ್ ಅಂತೆ. ತಂಗಿ ಮನೇಲಿ ಬಾಗ್ಲು ನೋಡ್ಕೊಂಡು ಕೂತಿರುತ್ತಂತೆ."

"ಯಾವ್ ತಂಗಿ? ಆ ಅಡುಗೆ ಡೇರಿಲ್ ಒಬ್ನೇ ಮಗ ಅಲ್ವಾ?" ಎಂದ ಗಂಡಸು.

"ತಂಗಿ ಅಂದ್ರೆ ತಂಗಿ ಲೆಕ್ಕ. ಕಸಿನ್ ಇರ್ಬೇಕು. ನೀವ್ ಸುಮ್ನಿರಿ. ನಾನ್ ಹೇಳೋದು ಏನಂದ್ರೆ, ಸುಮ್‌ಸುಮ್ನೆ ಯಾರಾದ್ರೂ ಹಿಂದಿನ್ ದಿನ ನಾಯೀನ ಸಾಗಿಸ್ತಾರಾ? ಮಾರ್ನೇ ದಿನ ಪೊಲೀಸ್ರು ಎತ್ತಾಕ್ಕೊಂಡ್ ಹೋಗ್ತಾರೆ ಅಂತ ಗೊತ್ತಿತ್ತು ಅವ್ನಿಗೆ. ಕೆಟ್ಟ ಕೆಲ್ಸ ಮಾಡೋನಿಗೂ ನಾಯಿ ಮೇಲೆ ಎಷ್ಟ್ ಪ್ರೀತಿ ನೋಡಿ."

"ಅದೇ ಕಣೇ. ನಂಗೂ ಅಲ್ಲಿವರ್ಗೂ ಅನುಮಾನ ಇತ್ತು. ನಾಯಿ ವಿಷ್ಯ ಕೇಳಿದ್ಮೇಲೆ ಇಲ್ಲ."

ಮೆಟ್ಟಿಲ ಬಳಿ ಒಂದು ರಟ್ಟಿನ ಡಬ್ಬ ಇತ್ತು. ಮೇಲೆ ನೀಟಾಗಿ "ಸ್ಕಿಪ್ಪರ್‌ಗಾಗಿ" ಎಂದು ಬರೆದಿತ್ತು. ಒಳಗೆ ನಾಯಿ ಬಿಸ್ಕತ್ತು, ಒಂದು ಉಣ್ಣೆಯ ಹೊದಿಕೆ. ಎರಡನೇ ಬಟ್ಟಲು ಸೂಪು ಬೇಕೇ ಎಂದು ಕೇಳಿದರು. ಇಲ್ಲ ಎನ್ನಲಾಗಲಿಲ್ಲ.

ಮಾರ್ಚ್ 18, ಶುಕ್ರವಾರ

ವಾರಪತ್ರಿಕೆಯಲ್ಲಿ ಓದುಗರೊಬ್ಬರ ಪತ್ರ: "ಮೂಕಪ್ರಾಣಿಗೆ ಮುಂದಾಲೋಚನೆ ಮಾಡಿದವನು ಮನುಷ್ಯಜೀವಕ್ಕೇಕೆ ಮಾಡಲಿಲ್ಲ?" ಇದು 258ನೇ ತುಣುಕು. ಕೋಷ್ಟಕದಲ್ಲಿ "ಪೂರ್ವಯೋಜನೆಯ ಸೂಚನೆ" ಎಂಬ ಕಾಲಮ್ಮಿನಲ್ಲಿ ಗುರುತು ಹಾಕಿದೆ. "ಸುದ್ದಿಯ ಮೂಲ" ಎಂಬ ಕಾಲಮ್ಮಿನಲ್ಲಿ ಪೆನ್ನು ನಿಂತಿತು. ಅಲ್ಲಿ ನನ್ನ ಹೆಸರು ಬರೆಯಬೇಕು. ಖಾಲಿ ಬಿಟ್ಟೆ.

ಮಾರ್ಚ್ 24, ಗುರುವಾರ

ಗೋರ್ಡಿ ಫೋನ್ ಮಾಡಿದ. ಧ್ವನಿ ಸರಿಯಿರಲಿಲ್ಲ. ಪ್ರಾಸಿಕ್ಯೂಟರ್ ಕಡೆಗೆ ಹೊಸ ಸಾಕ್ಷಿ ಸಿಕ್ಕಿದ್ದಾರೆ. ವೆರ್ನಾ ಟೋಲೆಫ್‌ಸನ್, 74, ಚರ್ಚಿನಲ್ಲಿ ಐವತ್ತು ವರ್ಷದಿಂದ ಆರ್ಗನ್ ನುಡಿಸುವವರು. ಬೆಂಕಿಯ ಹಿಂದಿನ ಸಂಜೆ ಹೋಟೆಲಿನ ಹಿಂಬಾಗಿಲ ಬಳಿ ಡೇರಿಲ್‌ನ ಪಿಕಪ್ ಗಾಡಿ ನಿಂತದ್ದನ್ನು ನೋಡಿದರಂತೆ. ಹೇಗೆ ಗುರುತು ಸಿಕ್ಕಿತು ಎಂದರೆ, ಒಳಗೆ ಅವನ ನಾಯಿ ಕೂತಿತ್ತಂತೆ. ಕೆಲಸ ಹೋದ ಮೇಲೆ ಆ ಕಡೆ ತಲೆಯೇ ಹಾಕಿಲ್ಲ ಎಂದು ಅವನು ಹೇಳಿಕೆ ಕೊಟ್ಟಿದ್ದಾನೆ. ಈಗ ಅವನು ಸುಳ್ಳುಗಾರನಾದ.

"ಅವ್ನಿಗೆ ನಾಯಿ ಇಲ್ಲ ಅಂದ್ರೆ ಪಕ್ಕದ್ಮನೇದು ಅಂತಾರೆ. ಎಲ್ಲಿಂದ ಬಂತೋ ಈ ದರಿದ್ರ ನಾಯಿ!"

ನಾನು ಮೊದಲ ಸುತ್ತಿನ ಪಟ್ಟಿ ತೆಗೆದೆ. 117ನೇ ಸಂಖ್ಯೆ ಅವರದೇ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟವಳು ನಾನೇ, ಹೆಸರು ಹೇಳುವಂತಿಲ್ಲ.

"ನಾಯಿ ನಂದು, ಗೋರ್ಡಿ."

"ನಿಂಗೆಲ್ಲಿ ನಾಯಿ? ನಿಮ್ಮನೇಲಿ ಗಿಡಾನೂ ಉಳಿಯಲ್ಲ."

ಹದಿನಾಲ್ಕನೇ ಪ್ರಶ್ನೆ ಎಂದೆ. ಜನವರಿಯಲ್ಲಿ ನಾನು ನಾಯಿಯ ಬಗ್ಗೆ ಕೇಳಿದ್ದು ಅವನಿಗೆ ಆಗ ನೆನಪಾಯಿತು. ಅವನು ನಕ್ಕ, ತುಂಬ ಹೊತ್ತು. ಆಮೇಲೆ ನಗಲಿಲ್ಲ.

"ಕೋರ್ಟಲ್ಲಿ ಬಾಯ್ಮುಚ್ಕೊಂಡಿರು. ನಾಯಿ ನಾನು ಹುಟ್ಸಿದ್ದು ಅಂತ ನೀನು ಅಂದ್ರೆ ನಿನ್ನ ಸಮೀಕ್ಷೆ ಕಸದಬುಟ್ಟಿಗೆ, ಅದರ ಹಿಂದೇನೇ ನನ್ನ ಅರ್ಜಿ. ವಿಚಾರಣೆ ಇದೇ ನಾರ್ಬೀಲಿ ನಡೆಯುತ್ತೆ. ನಿನ್ನನ್ನೂ ಇನ್ಮೇಲೆ ಯಾವ ಕೋರ್ಟೂ ಕರೆಯಲ್ಲ."

"ಹೇಳದಿದ್ದರೆ?"

"ಕೇಸು ಇನ್ನೂರು ಮೈಲಿ ದಕ್ಷಿಣಕ್ಕೆ ಹೋಗುತ್ತೆ."

"ವೆರ್ನಾನೂ ಹೋಗ್ತಾರೆ."

"ಹೋಗ್ತಾರೆ," ಎಂದ. "ಆರ್ಗನ್ ನುಡ್ಸೋ ಅಜ್ಜಿ. ದೇವ್ರೇ ಬಂದ್ರೂ ಅವ್ರನ್ನ ಪಾಟಿ ಸವಾಲಲ್ಲಿ ಅಲ್ಲಾಡ್ಸೋಕಾಗಲ್ಲ."

ಮಾರ್ಚ್ 26, ಶನಿವಾರ

ನಾರ್ಬಿ ಜೈಲಿಗೆ ಹೋದೆ. ಒಂದೇ ಪ್ರಶ್ನೆ ಕೇಳಲು ಹೋದದ್ದು. ನಾಯಿಯ ವಿಷಯ ಖಚಿತಪಡಿಸಿಕೊಳ್ಳಬೇಕಿತ್ತು, ಅಷ್ಟೇ.

ಡೇರಿಲ್ ಓಸ್ಟ್‌ಬಿ ನಾನು ಒಳಗೆ ಹೋದಾಗ ಎದ್ದು ನಿಂತ. ಉದ್ದ ಮನುಷ್ಯ. ಜೈಲಿನ ಅಂಗಿಯ ತೋಳು ಮೊಣಕೈ ದಾಟಿ ಸ್ವಲ್ಪವೇ ಬರುತ್ತದೆ. ಕಣ್ಣು ತೆರೆದಾಗ ಬೇರೆ ಮನುಷ್ಯ.

"ನಾಯಿ ಕೂದ್ಲು ಆಗಿಬರಲ್ಲ ಮೇಡಂ ನಂಗೆ. ಸೀನು ಹಿಡ್ಕೊಂಡ್ರೆ ನಿಲ್ಲಲ್ಲ."

"ಆ ಸಂಜೆ ಹೋಟೆಲ್ ಹತ್ರ ಹೋಗಿರ್ಲಿಲ್ಲ ಅಲ್ವಾ?"

ಬೆರಳು ನೋಡಿಕೊಂಡ.

"ಇಲ್ಲ ಅಂತಾನೇ ಅಂದ್ಕೊಂಡಿದ್ದೆ. ಆದ್ರೆ ವೆರ್ನಾ ಮೇಡಂ ಚರ್ಚಿನ ಭಾನುವಾರದ ಶಾಲೇಲಿ ನಂಗೆ ಪಾಠ ಹೇಳಿದೋರು. ಅವ್ರು ಒಂದ್ ದಿನಾನೂ ಸುಳ್ಳು ಹೇಳಿದೋರಲ್ಲ. ಅವ್ರು ನೋಡಿದೀನಿ ಅಂದ್ರೆ... ಎರಡು ದಿನದಿಂದ ಯೋಚ್ನೆ ಮಾಡ್ತಿದೀನಿ ಮೇಡಂ. ಎಲ್ಲಾದ್ರೂ ಹೋಗಿದ್ನೇನೋ. ಯಾರ್ದಾದ್ರೂ ನಾಯಿ ಹತ್ಕೊಂಡಿತ್ತೇನೋ."

ಹದಿನೇಳು ವರ್ಷದಲ್ಲಿ ಎಷ್ಟೋ ಜನರ ನೆನಪು ಕೆಟ್ಟದ್ದನ್ನು ಶೇಕಡಾವಾರು ಬರೆದಿದ್ದೇನೆ. ಒಬ್ಬ ಮನುಷ್ಯ ಎದುರಿಗೆ ಕೂತು, ನಾನು ಅಡುಗೆಮನೆಯ ಮೇಜಿನ ಮೇಲೆ ಹುಟ್ಟಿಸಿದ ನಾಯಿಗೆ ತನ್ನ ಗಾಡಿಯಲ್ಲಿ ಜಾಗ ಹುಡುಕುತ್ತಿದ್ದುದನ್ನು ನೋಡಿರಲಿಲ್ಲ.

"ಆ ನಾಯಿ ಇಲ್ಲ, ಡೇರಿಲ್," ಎಂದೆ. "ಅದು ನಾನು ಬರೆದದ್ದು." ಪೂರ್ತಿ ಹೇಳಿದೆ. ಅವನು ಬೈಯಲಿಲ್ಲ.

"ವೆರ್ನಾ ಮೇಡಂಗೆ ಅವಮಾನ ಆಗೋ ಹಂಗೆ ಹೇಳ್ಬೇಡಿ," ಎಂದ ಅಷ್ಟೇ.

ಅವನು ಮಾಡಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಬರುವ ದಾರಿಯಲ್ಲಿ ಅಂಗಡಿಗೆ ಹೋಗಿ ಉದ್ದ ತೋಳಿನ ಬಿಳಿ ಅಂಗಿ ಒಂದನ್ನು ತೆಗೆದುಕೊಂಡೆ. ಕೋರ್ಟಿಗೆ ಹಾಕಿಕೊಳ್ಳಲು ಏನಾದರೂ ಬೇಕಲ್ಲ.

ಏಪ್ರಿಲ್ 5, ಮಂಗಳವಾರ

ನಾಳೆ. ಗೋರ್ಡಿ ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ.

ಏಪ್ರಿಲ್ 6, ಬುಧವಾರ

ನಾರ್ಬಿ ಕೋರ್ಟು ತುಂಬಿತ್ತು. ಹೋಟೆಲಿಲ್ಲದ ಊರು, ಜನ ಬೇರೆಲ್ಲಿಗೆ ಹೋಗಬೇಕು. ಮೊದಲ ಸಾಲಿನಲ್ಲಿ ನೀಲಿ ಕೋಟಿನ ಪುಟ್ಟ ವೃದ್ಧೆ, ಮಡಿಲಲ್ಲಿ ಕೈಚೀಲ. ವೆರ್ನಾ ಎಂದು ಗೋರ್ಡಿ ತೋರಿಸಿದ. ಡೇರಿಲ್ ಬಿಳಿ ಅಂಗಿಯಲ್ಲಿದ್ದ. ತೋಳು ಸರಿಯಾಗಿತ್ತು.

ಗೋರ್ಡಿ ನನ್ನಿಂದ ಶೇಕಡಾವಾರುಗಳನ್ನು ಹೇಳಿಸಿದ. 71, 83. ಜಡ್ಜ್ ಹೋಮ್‌ಕ್ವಿಸ್ಟ್ ಬರೆದುಕೊಂಡರು. "ಇನ್ನೇನಾದರೂ ಹೇಳೋದಿದೆಯಾ?" ಎಂದು ಅಭ್ಯಾಸಬಲದಿಂದ ಕೇಳಿ, ಕೇಳಬಾರದಿತ್ತು ಎಂಬಂತೆ ಗೋರ್ಡಿ ಕಣ್ಣು ಮುಚ್ಚಿದ.

ಇದೆ ಎಂದೆ. ನಾಯಿ ಇಲ್ಲ, ತಂಗಿ ಇಲ್ಲ, ಜನವರಿ 16ಕ್ಕೆ ಮೊದಲು ಆ ನಾಯಿ ಭೂಮಿಯ ಮೇಲೇ ಇರಲಿಲ್ಲ, ನನ್ನ ಸಮೀಕ್ಷೆಯೇ ಅದನ್ನು ಕೌಂಟಿಯ ತುಂಬ ಓಡಾಡಿಸಿತು ಎಂದೆ. ಭಯವಾಗಿತ್ತು, ನಾಚಿಕೆಯೂ ಆಗಿತ್ತು.

ಪ್ರಾಸಿಕ್ಯೂಟರ್ ಎದ್ದ. "ಯಾರ್ಯಾರಿಗೆ ಈ ಪ್ರಶ್ನೆ ಕೇಳಿದ್ರಿ? ಹೆಸರು ಹೇಳಿ."

"ಹೇಳೋಕಾಗಲ್ಲ. ಮಾತು ಕೊಟ್ಟಿದೀನಿ."

ಮೊದಲ ಸಾಲಿನಿಂದ ತೆಳ್ಳನೆಯ ಧ್ವನಿ ಬಂತು. "ನನ್ನನ್ನ ಕೇಳಿದ್ರು. ಜನವರೀಲಿ. ಬಹಳ ಮರ್ಯಾದೆಯಿಂದ ಮಾತಾಡಿದ್ರು, ಆ ಹುಡುಗಿ."

ಜಡ್ಜ್ ಸುತ್ತಿಗೆ ಬಡಿದರು. ನನಗೆ ನಲವತ್ತೊಂಬತ್ತು ವರ್ಷ. ಪ್ರಾಸಿಕ್ಯೂಟರ್ ಕೂತು ಯಾವುದೋ ಕಾಗದದ ಮೇಲೆ ಉದ್ದಕ್ಕೆ ಗೀಟು ಎಳೆದ. ವೆರ್ನಾ ಇನ್ನು ಸಾಕ್ಷಿಯಲ್ಲ ಎಂದು ಅಲ್ಲಿಗೆ ತಿಳಿಯಿತು.

ಬಿಡುವಿನಲ್ಲಿ ವೆರ್ನಾ ಹೊರಗೆ ನನ್ನ ಹತ್ತಿರ ಬಂದರು.

"ನಾನು ಸುಳ್ಳು ಹೇಳೋಳಲ್ಲಮ್ಮಾ."

"ಗೊತ್ತು ಮೇಡಂ. ಇದರಲ್ಲಿ ತಪ್ಪು ನಂದು."

"ಕಿಟಕಿಯಿಂದ ಆಚೆ ತಲೆ ಹಾಕಿತ್ತು ಅದು. ಕಿವಿ ಗಾಳಿಗೆ ಹಾರ್ತಿತ್ತು."

"ನವೆಂಬರ್ ಚಳೀಲಿ ಕಿಟಕಿ ತೆಗೆದು?"

ಅವರು ಯೋಚಿಸಿದರು. "ಅದೇ ನಾನೂ ಅಂದ್ಕೊಂಡೆ. ಎಂಥಾ ಮನುಷ್ಯ ಅಂತ." ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೈ ತಣ್ಣಗಿತ್ತು. "ಇಲ್ಲದೇ ಇರೋದು ಅಷ್ಟು ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದರು. ಅದೊಂದೇ ಪ್ರಶ್ನೆಗೆ ನನ್ನ ಹತ್ತಿರ ನಿಖರವಾದ ಉತ್ತರ ಇತ್ತು. ಅದನ್ನು ಬಿಟ್ಟು ಅವರ ಕೈಯನ್ನು ಉಜ್ಜಿ ಬೆಚ್ಚಗಾಗಿಸಿದೆ.

ಮಧ್ಯಾಹ್ನ ಜಡ್ಜ್ ಆದೇಶವನ್ನು ಅಲ್ಲೇ ಬಾಯಲ್ಲಿ ಹೇಳಿ ಬರೆಸತೊಡಗಿದರು. ಪಕ್ಕದಲ್ಲಿ ಸ್ಟೆನೊ ಟಕಟಕ ಒತ್ತುತ್ತಿದ್ದಳು. ಸಮೀಕ್ಷೆ ತಾನೇ ಜನರನ್ನು ಕೆಡಿಸಿರುವುದರಿಂದ ಅದನ್ನು ಪರಿಗಣಿಸುವುದಿಲ್ಲ. ಗೋರ್ಡಿ ತಲೆ ಬಗ್ಗಿಸಿದ. ಈ ಕೌಂಟಿಯ ಜನ ವಿವೇಕಿಗಳು, ಕೇಳಿದ್ದನ್ನು ಬದಿಗಿಟ್ಟು ನ್ಯಾಯ ಹೇಳಬಲ್ಲರು.

"ಅವರಿಗೆ ತಿಳಿದಿರೋದು ಎಲ್ಲೆಡೆ ಪ್ರಕಟವಾದ, ವಿವಾದವಿಲ್ಲದ ಸಂಗತಿಗಳು ಮಾತ್ರ," ಎಂದರು. "ಆರೋಪಿ ಕೆಲಸ ಕಳೆದುಕೊಂಡದ್ದು, ಸೀಮೆಎಣ್ಣೆ ಕೊಂಡದ್ದು, ಹಿಂದಿನ ಸಂಜೆ ತನ್ನ ನಾಯಿಯನ್ನು..."

ಟಕಟಕ ನಿಂತಿತು. ಸ್ಟೆನೊ ಕೈಗಳನ್ನು ಯಂತ್ರದಿಂದ ಮೇಲೆತ್ತಿ ಹಿಡಿದಿದ್ದಳು.

"ಕೊನೇ ವಾಕ್ಯ ಓದಿ," ಎಂದರು ಜಡ್ಜ್.

ಅವಳು ಬಸ್ಸಿನ ವೇಳಾಪಟ್ಟಿ ಓದುವಂತೆ ಓದಿದಳು. ನಾಯಿಯವರೆಗೂ.

ಜಡ್ಜ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೆಳಿಗ್ಗೆಯಷ್ಟೇ, ಆರಡಿ ದೂರದಲ್ಲಿ ಕೂತು ನಾಯಿ ಇಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಿದ್ದೆ. ಅವರು ಬರೆದೂ ಕೊಂಡಿದ್ದರು. ಮೂವತ್ತು ವರ್ಷದಿಂದ ಆ ಪೀಠದಲ್ಲಿ ಕೂತವರು. ಮುಖ ಕೆಂಪಾಗಿ, ಆಮೇಲೆ ಬಿಳಿಚಿತು.

"ಇದುವರೆಗೆ ಹೇಳಿದ್ದು ಹೊಡೆದುಹಾಕಿ," ಎಂದರು. "ಅರ್ಜಿ ಮಂಜೂರು." ಎದ್ದು ಹೋದರು. ಎಲ್ಲರೂ ಎದ್ದು ನಿಲ್ಲುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಗೋರ್ಡಿ ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಗೆದ್ದೆವು ಕಣೆ! ನಿನ್ನ ಸಮೀಕ್ಷೆ ಸತ್ತು ನಮ್ಮನ್ನ ಗೆಲ್ಲಿಸ್ತು!"

ಕೋಳ ಹಾಕಿ ಕರೆದೊಯ್ಯುವ ಮೊದಲು ಡೇರಿಲ್ ಜೊತೆ ಎರಡು ನಿಮಿಷ ಮಾತಾಡಲು ಬಿಟ್ಟರು. ಅವನಿಗೆ ಅರ್ಥವಾದಂತಿರಲಿಲ್ಲ.

"ಅಲ್ಲಿ ನನ್ನ ಪರಿಚಯ ಯಾರಿಗೂ ಇರಲ್ಲ ಅಲ್ವಾ ಮೇಡಂ?"

"ಇರಲ್ಲ. ಅದಕ್ಕೇ ಅಲ್ವಾ ಇಷ್ಟೆಲ್ಲ ಮಾಡಿದ್ದು."

"ಆರ್ಡಿಸ್ ಪರಿಚಯಾನೂ ಇರಲ್ಲ."

"ಇಲ್ಲ."

"ಹನ್ನೊಂದು ವರ್ಷ ಅವ್ಳ ಪಕ್ಕ ನಿಂತು ಅಡುಗೆ ಮಾಡಿದೀನಿ. ಕೆಲ್ಸದಿಂದ ತೆಗೆದಾಗ ಅವ್ಳೇ ಅತ್ಲು, ನಾನ್ ಅಳ್ಲಿಲ್ಲ." ಪೊಲೀಸ್ ಬಾಗಿಲ ಬಳಿ ಕಾಯುತ್ತಿದ್ದ. "ಇಲ್ಲಿ ಎಲ್ರಿಗೂ ನನ್ಮೇಲೆ ಸಿಟ್ಟು. ಆದ್ರೆ ಅವ್ಳು ಹೋದ್ಲಲ್ಲ ಅಂತ ಬೇಜಾರೂ ಇದೆ. ಅಲ್ಲಿ ಅವ್ಳಿಗೋಸ್ಕರ ಬೇಜಾರ್ ಮಾಡ್ಕೊಳ್ಳೋರು ಯಾರಿರ್ತಾರೆ ಮೇಡಂ?"

ಅವನನ್ನು ಕರೆದುಕೊಂಡು ಹೋದರು.

ಮನೆಗೆ ಬಂದು ಪೆಟ್ಟಿಗೆ ತೆಗೆದು ಎಲ್ಲ ತುಣುಕುಗಳನ್ನೂ ಮೊದಲಿನಿಂದ ಓದಿದೆ. ಕೋಷ್ಟಕಕ್ಕಾಗಿ ಅಲ್ಲ. ಸೀಮೆಎಣ್ಣೆಯ ಡಬ್ಬದ ಅಳತೆ ಇದೆ, ಅವನ ಹಳೆಯ ಗಲಾಟೆಯ ತಾರೀಖು ಇದೆ. ಅವಳ ಬಗ್ಗೆ ಹೆಸರಿನ ಪಕ್ಕ "ಮಾಲಕಿ, 63" ಎಂದಷ್ಟೇ ಇದೆ, ಎಲ್ಲ ಕಡೆ. ಮೂರು ತಿಂಗಳು ಈ ಕೇಸಿನಲ್ಲಿ ಮುಳುಗಿದ್ದೆ. ಸತ್ತವಳ ಹೆಸರನ್ನು ಈ ದಿನಚರಿಯಲ್ಲಿ ನಾನಾಗಿ ಒಮ್ಮೆಯೂ ಬರೆದಿಲ್ಲ. ಆರ್ಡಿಸ್ ಲುಂಡ್. ಬರೆಯುವಾಗ ಅಳು ಬಂತು.

ಏಪ್ರಿಲ್ 11, ಸೋಮವಾರ

ವಿಚಾರಣೆ ಜೂನ್ 13ಕ್ಕೆ, ಇನ್ನೂರು ಮೈಲಿ ಆಚೆ. ನನ್ನನ್ನು ಯಾರೂ ಕರೆದಿಲ್ಲ, ಕರೆಯುವುದೂ ಇಲ್ಲ. ಡೀನ್ ಕಚೇರಿಗೆ ಹೋಗಿ ಜೂನ್‌ನಲ್ಲಿ ಎರಡು ವಾರ ರಜೆ ಕೇಳಿದೆ. ಕಾರಣ ಬರೆಯುವ ಜಾಗದಲ್ಲಿ ಸಂಶೋಧನೆ ಎಂದು ಬರೆಯಹೊರಟವಳು ಅದನ್ನು ಕೈಬಿಟ್ಟು, ಜಾಗ ಸಾಲದೆ ಸಣ್ಣಕ್ಷರದಲ್ಲಿ ಬರೆದೆ: ಕೋರ್ಟಿನಲ್ಲಿ ಸತ್ತವರ ಕಡೆಯಿಂದ ಒಬ್ಬರು ಕೂರಬೇಕು.